ಬಿಟ್ಟುಹೋದ ಮೂರು

ಜುಲೈ 6

ಮೇಡಂ ಅವರಿಗೆ ನಮಸ್ಕಾರ.

ಅಕ್ಷರ ನೋಡಿದರೆ ನಾನು ಯಾರು ಅಂತ ನಿಮಗೆ ಗೊತ್ತಾಗಲ್ಲ. ನಿಮ್ಮ ಕೈಕೆಳಗೆ ರಿಸರ್ಚ್ ಮಾಡ್ತಿದ್ದ ಹುಡುಗಿಯ ತಾಯಿ ನಾನು. ಮಾತೆತ್ತಿದರೆ ‘ಯಾಕೆ?’ ಅಂತಾಳೆ ಅಂತ ನಿಮ್ಮ ಡಿಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಅವಳನ್ನು ‘ಯಾಕಮ್ಮ’ ಅಂತ ಕರೀತಿದ್ರಂತೆ. ಮನೆಯಲ್ಲೂ ಹಾಗೇ. ನೀರು ಕುಡಿಯೇ ಅಂದರೂ ಯಾಕೆ ಅಂತ ಕೇಳಿಯೇ ಕುಡಿಯೋಳು. ಫೆಬ್ರವರಿ ಹದಿನೇಳನೇ ತಾರೀಕು ನಿಮ್ಮ ಗೇಟಿನ ಮುಂದೆ ರಸ್ತೆ ದಾಟುವಾಗ ವ್ಯಾನು ಬಡಿದು ಹೋದಳು. ಅವತ್ತು ಅವಳನ್ನು ಇಟ್ಟಿದ್ದ ಆಸ್ಪತ್ರೆಗೆ ನೀವೂ ಬಂದಿದ್ರಿ, ಗೋಡೆ ಪಕ್ಕ ನಿಂತಿದ್ರಿ. ಮಾತಾಡಲಿಕ್ಕೆ ಆಗಲಿಲ್ಲ.

ನಾನು ಒಂದು ಆಸ್ಪತ್ರೆಯಲ್ಲಿ ಹೊಲಿಗೆಯವಳು. ಹಾಸುಬಟ್ಟೆ, ರೋಗಿಗಳ ಗೌನು, ಆಪರೇಷನ್ ಕೋಣೆಯ ಹಸಿರು ಬಟ್ಟೆ. ಹರಿದದ್ದಕ್ಕೆ ತೇಪೆ, ಬಿಚ್ಚಿದ್ದಕ್ಕೆ ಹೊಲಿಗೆ. ಓದಿದ್ದು ಹತ್ತನೇ ಕ್ಲಾಸು. ಅದರಲ್ಲೂ ವಿಜ್ಞಾನ ಪಾಸಾದದ್ದು ಮೇಷ್ಟ್ರ ಕರುಣೆ.

ಈಗ ಅವಳ ಪುಸ್ತಕಗಳನ್ನು ಓದ್ತಾ ಇದ್ದೀನಿ. ದಪ್ಪನೆಯವು ಬಾಗಿಲಿಗೆ ಒತ್ತು ಕೊಡಲಿಕ್ಕೆ ಸರಿ, ನನ್ನ ತಲೆಗೆ ಹತ್ತಲ್ಲ. ನಮ್ಮಂಥವರಿಗೆ ಅಂತಲೇ ಬರೆದ ನಾಲ್ಕು ತೆಳು ಪುಸ್ತಕ ಇವೆ. ಒಂದೊಂದು ಪುಟ ಮೂರು ಮೂರು ಸಲ ಓದ್ತೀನಿ. ವಿಶ್ವ ಹಿಗ್ಗುತ್ತಾ ಇದೆ ಅಂತ ಬರೆದಿದ್ದಾರೆ. ಬಟ್ಟೆ ಹಿಗ್ಗಿದರೆ ಮೇಜಿನ ಮೇಲೆ ಹಿಗ್ಗುತ್ತೆ. ವಿಶ್ವ ಯಾವ ಮೇಜಿನ ಮೇಲೆ ಹಿಗ್ಗುತ್ತೆ? ಇದನ್ನೇ ನಮ್ಮ ಆಸ್ಪತ್ರೆಯ ಇಸ್ತ್ರಿಯಣ್ಣನಿಗೆ ಹೇಳಿದೆ. ಅವನು ಹೊಟ್ಟೆ ಸವರಿಕೊಂಡು, “ವಿಶ್ವ ಹಿಗ್ಗುತ್ತಿದ್ರೆ ನನ್ನ ಪ್ಯಾಂಟ್ ಯಾಕಕ್ಕಾ ಬಿಗಿಯಾಗ್ತಾ ಇದೆ?” ಅಂದ.

ಬಿಡುವಿದ್ದಾಗ ಉತ್ತರ ಬರೀರಿ. ಫೋನ್ ಬೇಡ ಮೇಡಂ. ಫೋನು ನನಗೆ ಆಗಿಬರಲ್ಲ.

ಇಂತಿ,
ಯಾಕಮ್ಮನ ಅಮ್ಮ


ಜುಲೈ 19

ಯಾಕಮ್ಮನ ತಾಯಿಯವರಿಗೆ ವಂದನೆಗಳು.

ನಿಮ್ಮ ಕಾಗದ ಬಂದು ಎಂಟು ದಿನವಾಯಿತು. ಮೂರು ಸಲ ಉತ್ತರ ಬರೆದು ಹರಿದೆ. ನಾಲ್ಕನೆಯದು ಇದು.

ವಿಶ್ವ ಯಾವುದರ ಮೇಲೂ ಹಿಗ್ಗುತ್ತಿಲ್ಲ. ಮೇಜು ಇಲ್ಲ, ಇರುವುದು ಬಟ್ಟೆ ಮಾತ್ರ. ನಮಗೆ ತಿಳಿದ ಮಟ್ಟಿಗೆ ಅದಕ್ಕೆ ಅಂಚೂ ಇಲ್ಲ. ಗೆಲಾಕ್ಸಿಗಳು, ಅಂದರೆ ನಕ್ಷತ್ರಗಳ ದೊಡ್ಡ ದೊಡ್ಡ ಹಿಂಡುಗಳು, ಅವುಗಳ ನಡುವಿನ ದೂರ ಬೆಳೆಯುತ್ತಿದೆ, ಅಷ್ಟೇ. ಇಸ್ತ್ರಿಯಣ್ಣನಿಗೆ ಹೇಳಿ: ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿರುವ ವಸ್ತುಗಳು ಹಿಗ್ಗುವುದಿಲ್ಲ. ಮನೆ, ಮೇಜು, ಮೈ, ಪ್ಯಾಂಟು ಇವೆಲ್ಲ ಹಾಗೇ ಇರುತ್ತವೆ. ಅವರ ತೊಂದರೆಗೆ ಕಾರಣ ಆಕಾಶದಲ್ಲಿಲ್ಲ.

ನಿಮ್ಮ ಮಗಳು ಬಹಳ ಚುರುಕು ಹುಡುಗಿ. ಡಿಪಾರ್ಟ್‌ಮೆಂಟಿನಲ್ಲಿ ಎಲ್ಲರೂ ನೆನೆಯುತ್ತಾರೆ. ನನ್ನ ಫೋನ್ ನಂಬರ್ ಕೆಳಗಿದೆ, ಬೇಕೆನಿಸಿದರೆ ಇರಲಿ.

ಇಂತು,
ಅವಳ ಗೈಡ್


ಆಗಸ್ಟ್ 3

ಮೇಡಂಗೆ ನಮಸ್ಕಾರ.

ಕಾಗದ ತಲುಪಿತು. ಇಸ್ತ್ರಿಯಣ್ಣನಿಗೆ ನಿಮ್ಮ ಉತ್ತರ ಓದಿ ಹೇಳಿದೆ. ದೊಡ್ಡ ಮೇಡಂ ಅಂತ ಕೈ ಮುಗಿದ, ಆದರೆ ಪ್ಯಾಂಟಿನ ವಿಷಯ ಒಪ್ಪಲಿಲ್ಲ.

ಈ ವಾರ ಓದಿದ್ದು ರಾತ್ರಿ ಯಾಕೆ ಕತ್ತಲು ಅನ್ನೋದು. ಸೂರ್ಯ ಮುಳುಗಿದ ಅಂತ ಕತ್ತಲು, ಇದರಲ್ಲೇನು ಕೇಳೋದು ಅಂದುಕೊಂಡಿದ್ದೆ. ಆದರೆ ಎಲ್ಲಾ ಕಡೆ ನಕ್ಷತ್ರ ಇದ್ದು, ಅವು ಎಂದಿನಿಂದಲೂ ಉರೀತಾ ಇದ್ದಿದ್ದರೆ ಆಕಾಶದಲ್ಲಿ ಸೂಜಿಮೊನೆಯಷ್ಟು ಜಾಗವೂ ಕಪ್ಪಾಗಿ ಇರ್ತಿರಲಿಲ್ಲವಂತೆ. ವಿಶ್ವಕ್ಕೆ ವಯಸ್ಸಿದೆ, ದೂರದ ಬೆಳಕು ಇನ್ನೂ ನಮ್ಮನ್ನು ಮುಟ್ಟಿಲ್ಲ, ಅದಕ್ಕೇ ಕತ್ತಲು ಅಂತ. ಅಂದರೆ ಕತ್ತಲು ಅಂದರೆ ಖಾಲಿ ಅಲ್ಲ. ಬರಬೇಕಾದದ್ದು ಬಂದಿಲ್ಲ, ಅಷ್ಟೇ. ಇದನ್ನು ಓದಿದ ಮೇಲೆ ಅವಳ ಕೋಣೆಯ ದೀಪ ಹಾಕೋದು ಬಿಟ್ಟೆ. ಸಂಜೆ ಮಿಷನ್ ತುಳಿಯುವಾಗ ಆ ಕಡೆಯಿಂದ ಹಾಳೆ ತಿರುಗಿಸೋ ಸದ್ದು ಬರುತ್ತೆ. ನಿಲ್ಲಿಸಿದರೆ ಇಲ್ಲ. ತುಳಿದರೆ ಇದೆ. ಅದಕ್ಕೇ ತುಳೀತಾ ಇರ್ತೀನಿ. ಮನೆಗೆ ತಂದ ಗೌನುಗಳೆಲ್ಲ ಎರಡೆರಡು ಸಲ ಹೊಲಿಗೆ ಹಾಕಿಸಿಕೊಂಡಿವೆ.

ಎರಡು ಪ್ರಶ್ನೆ ಇವೆ. ಒಂದು: ಕಳೆದುಹೋದ ಹೊತ್ತು ಎಲ್ಲಾದರೂ ಇರುತ್ತಾ? ನಿನ್ನೆ ಅನ್ನೋದು ಅಳಿಸಿಹೋಗಲ್ಲ, ಅದರ ಜಾಗದಲ್ಲಿ ಅದು ಇದ್ದೇ ಇರುತ್ತೆ ಅಂತ ಕೆಲವರು ಹೇಳ್ತಾರೆ ಅಂತ ಒಂದು ಪುಸ್ತಕದಲ್ಲಿದೆ. ನಿಜವಾ? ಸರಿಯಾಗಿ ತಿಳಿದುಕೊಳ್ಳಬೇಕು ನನಗೆ.

ಎರಡು: ಅವತ್ತು ಅವಳು ನಿಮ್ಮನ್ನು ನೋಡಿಯೇ ಹೊರಟದ್ದಂತೆ. ಏನು ಮಾತಾಡಿದ್ರಿ? ಹೇಗಿದ್ದಳು? ಬೇಜಾರಲ್ಲಿದ್ದಳಾ?

ಇಂತಿ,
ಯಾಕಮ್ಮನ ಅಮ್ಮ


ಆಗಸ್ಟ್ 20

ಯಾಕಮ್ಮನ ತಾಯಿಯವರಿಗೆ,

ನಿಮ್ಮ ಮೊದಲ ಪ್ರಶ್ನೆ ಚಿಕ್ಕದಲ್ಲ. ನಾವೆಲ್ಲ ‘ಈಗ’ ಎನ್ನುತ್ತೇವೆ, ವಿಶ್ವಕ್ಕೆಲ್ಲ ಅದೊಂದೇ ಈಗ ಎಂದುಕೊಂಡಿರುತ್ತೇವೆ. ಹಾಗಿಲ್ಲ. ಬೇರೆ ಬೇರೆ ವೇಗದಲ್ಲಿ ಹೋಗುವವರಿಗೆ ‘ಈಗ’ ಬೇರೆ ಬೇರೆ. ದೂರದಲ್ಲೆಲ್ಲೋ ಸಾಗುತ್ತಿರುವ ಒಬ್ಬರ ಈಗಿನೊಳಗೆ ನಮ್ಮ ಕಳೆದ ವರ್ಷವೂ ಬರಬಹುದು. ಎಲ್ಲರೂ ಒಪ್ಪುವ ಈಗ ಇಲ್ಲ ಎಂದ ಮೇಲೆ, ಆಗಿದ್ದು, ಆಗುತ್ತಿರುವುದು, ಆಗಲಿರುವುದು ಎಲ್ಲವೂ ಒಂದೇ ಸಮ ನಿಜ ಎಂದು ನಮ್ಮಲ್ಲಿ ಹಲವರು ತಿಳಿಯುತ್ತಾರೆ. ಊರು ದಾಟಿ ಬಂದ ಮಾತ್ರಕ್ಕೆ ಊರು ಅಳಿಯುವುದಿಲ್ಲವಲ್ಲ, ಹಾಗೆ. ಒಪ್ಪದವರೂ ಇದ್ದಾರೆ. ನಾನು ಒಪ್ಪುವವಳು.

ಆದ್ದರಿಂದ ನಿಮಗೆ ಧೈರ್ಯವಾಗಿ ಹೇಳುತ್ತೇನೆ. ಅವಳು ನಿಮ್ಮ ಮಿಷನ್ ಪಕ್ಕ ಕೂತು ಯಾಕೆ ಯಾಕೆ ಎಂದು ಕೇಳುತ್ತಿದ್ದ ಸಂಜೆಗಳು ಎಲ್ಲಿಗೂ ಹೋಗಿಲ್ಲ. ಅವಳ ಒಂದೊಂದು ಕ್ಷಣವೂ ಇದೆ. ಯಾವುದೂ ಅಳಿಸಿಲ್ಲ.

ಅವತ್ತು ಎಂದಿನಂತೆ ಕೆಲಸದ ಮಾತಾಡಿದೆವು. ವಿಶೇಷವೇನಿಲ್ಲ.

ಇಂತು,
ಅವಳ ಗೈಡ್


ಸೆಪ್ಟೆಂಬರ್ 25

ಯಾಕಮ್ಮನ ತಾಯಿಯವರಿಗೆ,

ಒಂದು ತಿಂಗಳಿಂದ ನಿಮ್ಮ ಕಾಗದವಿಲ್ಲ. ನನ್ನ ಮಾತಿನಿಂದ ನೋವಾಯಿತೇ? ಸಮಾಧಾನವಾಗಲಿ ಎಂದು ಬರೆದಿದ್ದೆ. ಆರೋಗ್ಯವಾಗಿದ್ದೀರಿ ತಾನೆ? ಒಂದು ಸಾಲು ಬರೆದರೂ ಸಾಕು.

ಇಂತು,
ಅವಳ ಗೈಡ್


ಅಕ್ಟೋಬರ್ 14

ಅಮ್ಮಾ,

ನೀವು ಸುಮ್ಮನಿರುವುದು ಯಾಕೆ ಎಂದು ನನಗೆ ಗೊತ್ತಾಗಿದೆ ಎಂದುಕೊಂಡಿದ್ದೇನೆ. ಯಾರೋ ನಿಮಗೆ ಹೇಳಿರಬೇಕು. ನಾನೇ ಹೇಳಬೇಕಿತ್ತು.

‘ವಿಶೇಷವೇನಿಲ್ಲ’ ಎಂದು ಬರೆದದ್ದು ಸುಳ್ಳು.

ಅವಳ ಕೆಲಸ ಒಂದು ಮಂಕಾದ, ಸಣ್ಣ ಗೆಲಾಕ್ಸಿಯ ಮೇಲೆ. ಅಲ್ಲಿನ ನಕ್ಷತ್ರಗಳು ಎಷ್ಟು ವೇಗವಾಗಿ ಓಡುತ್ತಿವೆ ಎಂದು ನೋಡಿ, ಅವು ಚದುರಿ ಹೋಗದಂತೆ ಹಿಡಿದಿಡಲು ಎಷ್ಟು ತೂಕ ಬೇಕು ಎಂದು ಲೆಕ್ಕ ಹಾಕುವುದು. ಸಾಮಾನ್ಯವಾಗಿ ಕಣ್ಣಿಗೆ ಕಾಣುವ ತೂಕ ಸಾಲುವುದಿಲ್ಲ. ಕಾಣದ ಏನೋ ಒಂದು ಅಲ್ಲಿದ್ದು ಎಳೆಯುತ್ತಿದೆ ಎಂದು ಹೇಳಬೇಕಾಗುತ್ತದೆ. ಫೆಬ್ರವರಿ ಹದಿನೇಳರ ಮಧ್ಯಾಹ್ನ ಎರಡು ಗಂಟೆಗೆ ಅವಳು ಓಡಿಕೊಂಡೇ ಬಂದಳು. “ಮೇಡಂ, ಇದಕ್ಕೆ ಕಾಣದ್ದು ಬೇಕಾಗಿಲ್ಲ. ಕಾಣೋದೇ ಸಾಕು. ಲೆಕ್ಕ ಕೂತುಬಿಡ್ತು!” ಎಂದಳು. ಕೋಣೆಯಲ್ಲಿ ಇನ್ನೂ ಮೂವರಿದ್ದರು.

ಒಂದು ನಿಮಿಷದಲ್ಲಿ ತಪ್ಪು ಕಂಡಿತು. ನಕ್ಷತ್ರ ನಮ್ಮ ಕಡೆಗೆ ಬರುವುದು, ನಮ್ಮಿಂದ ದೂರ ಹೋಗುವುದು ಮಾತ್ರ ನಮ್ಮ ಯಂತ್ರಕ್ಕೆ ಕಾಣುತ್ತದೆ. ಅಡ್ಡಕ್ಕೆ ಹೋಗುವುದು, ಮೇಲೆ ಕೆಳಗೆ ಹೋಗುವುದು ಕಾಣುವುದಿಲ್ಲ. ಅದನ್ನೂ ಸೇರಿಸಲು ಲೆಕ್ಕದಲ್ಲಿ ಒಂದು ಕಡೆ ಮೂರರಿಂದ ಗುಣಿಸಬೇಕು. ಆ ಮೂರು ಬಿಟ್ಟುಹೋಗಿತ್ತು.

ಅದನ್ನು ಮೆತ್ತಗೆ ಹೇಳಬಹುದಿತ್ತು. ನಾನು ಕೆಂಪು ಪೆನ್ನಿನಲ್ಲಿ ಹಾಳೆಯ ಉದ್ದಕ್ಕೂ ಗೀಟು ಎಳೆದೆ. “ಎರಡು ವರ್ಷ ಇಲ್ಲಿ ಕೂತು ಕಲಿತದ್ದು ಇದೇನಾ? ಊರಿಗೆಲ್ಲ ಯಾಕೆ ಯಾಕೆ ಅಂತ ಕೇಳ್ತೀಯಲ್ಲ ಯಾಕಮ್ಮ, ನಿನ್ನ ಲೆಕ್ಕಕ್ಕೆ ಯಾಕೆ ಅಂತ ಕೇಳಲಿಲ್ಲ?” ಎಂದೆ. ಮೂವರೂ ನಕ್ಕರು. ಅವಳು ಹಾಳೆ ಜೋಡಿಸಿಕೊಂಡಳು. ಅವಳ ಮುಖ ಹೇಗಿತ್ತೋ ನಾನು ನೋಡಲಿಲ್ಲ, ಆಗಲೇ ಕಂಪ್ಯೂಟರ್ ಕಡೆ ತಿರುಗಿಬಿಟ್ಟಿದ್ದೆ. ಹದಿನೈದು ನಿಮಿಷದ ಮೇಲೆ ಗೇಟಿನ ಕಡೆ ಗದ್ದಲ ಕೇಳಿಸಿತು.

ಅಂದಿನಿಂದ ಯಾರ ಲೆಕ್ಕಕ್ಕೂ ‘ತಪ್ಪು’ ಎಂದು ಬರೆಯಲು ಕೈ ಏಳುತ್ತಿಲ್ಲ. ತಪ್ಪಿರುವಲ್ಲಿ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟು ವಾಪಸ್ ಕೊಡುತ್ತೇನೆ. ಚುಕ್ಕೆ ಅಂದರೆ ಏನು ಅಂತ ಹುಡುಗರಿಗೆ ಗೊತ್ತಿಲ್ಲ. ಮುಂದಿನ ಗೇಟಿನಲ್ಲಿ ಓಡಾಡುವುದನ್ನೂ ಬಿಟ್ಟಿದ್ದೇನೆ. ಹಿಂದಿನ ಗೇಟಿನಿಂದ ಸುತ್ತು ಹಾಕಿಕೊಂಡು ಬರುತ್ತೇನೆ.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಆದರೂ ನಿಮಗೆ ಇದು ತಿಳಿದಿರಬೇಕು.

ಗೈಡ್


ನವೆಂಬರ್ 23

ಮೇಡಂ,

ನನಗೆ ಯಾರೂ ಏನೂ ಹೇಳಿರಲಿಲ್ಲ. ಅವತ್ತಿನದು ನನಗೆ ತಿಳಿದದ್ದು ನಿಮ್ಮ ಕಾಗದದಿಂದಲೇ.

ಓದಿ ಮೈ ಉರಿಯಿತು. ನಾಲ್ಕು ಜನರ ಎದುರು ನನ್ನ ಮಗಳ ಮರ್ಯಾದೆ ತೆಗೆದು, ಆಮೇಲೆ ನನಗೆ ವಿಶ್ವದ ಪಾಠ ಹೇಳಿದ್ರಲ್ಲ ಅಂತ. ನಿಮ್ಮ ಬಾಗಿಲಿಗೆ ಬಂದು ಕೂಗಾಡಬೇಕು ಅನ್ನಿಸಿತು. ಆಮೇಲೆ, ಮುಚ್ಚಿಡೋದ್ಯಾಕೆ, ಹೊಟ್ಟೆ ತಣ್ಣಗಾಯಿತು. ಸದ್ಯ, ಇವರಿಂದ ಆಯಿತು, ಬೇಜಾರಲ್ಲಿ ರಸ್ತೆ ನೋಡದೆ ದಾಟಿದಳು ಅಂತ. ಒಂಬತ್ತು ತಿಂಗಳಲ್ಲಿ ಮೊದಲ ಸಲ ಮೂರು ದಿನ ಕಣ್ತುಂಬ ನಿದ್ದೆ ಬಂತು.

ನಾಲ್ಕನೇ ದಿನ ಬರಲಿಲ್ಲ. ಆಮೇಲೆ ಒಂದು ತಿಂಗಳು ಪೆನ್ನು ಹಿಡಿಯೋದು, ಇಡೋದು, ಇದೇ ಆಯಿತು. ಇವತ್ತು ಬರೆದುಬಿಡ್ತೀನಿ.

ನಾನು ನಿಮಗೆ ಕಾಗದ ಬರೆಯೋಕೆ ಶುರು ಮಾಡಿದ್ದು ವಿಶ್ವದ ಮೇಲಿನ ಆಸೆಯಿಂದಲ್ಲ. ಅದು ಆಮೇಲೆ ಹತ್ತಿಕೊಂಡಿತು. ಅವತ್ತು ನಿಮ್ಮ ಕೋಣೆಯಿಂದ ಬೇಜಾರಲ್ಲಿ ಹೊರಟಳು ಅಂತ ನಿಮ್ಮ ಬಾಯಿಂದ ಬರಬೇಕಿತ್ತು. ಯಾಕಂದರೆ ಅವಳು ಬೇಜಾರಲ್ಲಿ ಇರಲಿಲ್ಲ. ಅದು ನನಗೆ ಗೊತ್ತಿತ್ತು.

ಅವತ್ತು ಬೆಳಗ್ಗೆ ಊಟದ ಡಬ್ಬಿ ಬಿಟ್ಟು ಹೋಗಿದ್ದಳು. ಬಯ್ಯೋಣ ಅಂತ ಮಧ್ಯಾಹ್ನ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಆಗ ನಿಮ್ಮ ಎದುರಿಗೆ ಇದ್ದಳೋ ಏನೋ. ಮೂರನೇ ಸಲ ಎತ್ತಿದಳು. ನಗ್ತಾ ಇದ್ದಳು ಮೇಡಂ. “ಅಮ್ಮಾ, ನನ್ನ ಲೆಕ್ಕ ಮಕಾಡೆ ಮಲಗಿತು! ಮೇಡಂ ಸರಿಯಾಗಿ ಉಗಿದ್ರು. ಒಂದು ಮೂರು ಬಿಟ್ಟುಬಿಟ್ಟಿದ್ದೆ” ಅಂದಳು. “ನಗ್ತೀಯಲ್ಲೇ, ನಾಚಿಕೆ ಇಲ್ವಾ?” ಅಂದೆ. “ಆ ಮೂರು ಹಾಕಿದ್ರೆ ಇನ್ನೂ ಚೆನ್ನಾಗಿದೆ ಅಮ್ಮಾ. ಕಾಣದ್ದು ಇಲ್ಲ ಅಂದ್ಕೊಂಡಿದ್ದೆ. ಇದೆ! ಇದ್ದೇ ಇದೆ!” ಅಂದಳು. ಗಾಡಿಗಳ ಸದ್ದು ಕೇಳ್ತಾ ಇತ್ತು. ಅವಳು ರಸ್ತೆಯಲ್ಲಿದ್ದಾಳೆ ಅಂತ ನನಗೆ ಗೊತ್ತಾಗಬೇಕಿತ್ತು. ನಾನು, “ಅದೆಲ್ಲ ಇರಲಿ, ಡಬ್ಬಿ ಯಾಕೆ ಬಿಟ್ಟುಹೋದೆ, ಏನು ತಿಂದೆ ಹೇಳು” ಅಂದೆ.

“ಅಮ್ಮಾ, ಇರು” ಅಂದಳು.

ಆಮೇಲೆ ಸದ್ದು. ಆಮೇಲೆ ಯಾರ್‍ಯಾರದೋ ಧ್ವನಿ. ಫೋನು ಕಟ್ ಆಗಿರಲಿಲ್ಲ. ನಾನು ಹಿಡಿದುಕೊಂಡೇ ಇದ್ದೆ.

ಕಳೆದ ಹೊತ್ತು ಇರುತ್ತಾ ಅಂತ ಕೇಳಿದೆನಲ್ಲ, ನೀವು ಇಲ್ಲ ಅನ್ನಲಿ ಅಂತ ಕೇಳಿದ್ದು. ಒಂದೊಂದು ಕ್ಷಣವೂ ಇದೆ, ಯಾವುದೂ ಅಳಿಸಿಲ್ಲ ಅಂತ ಬರೆದ್ರಿ. ಅಂದರೆ ಆ ಫೋನು ಅಲ್ಲಿ ರಿಂಗಾಗ್ತಲೇ ಇದೆ. ನಾನು ಡಬ್ಬಿ ಅಂತಲೇ ಇದ್ದೀನಿ. ಆ ಕಾಗದ ಓದಿದ ಮೇಲೆ ಮಿಷನ್ ತುಳಿದರೆ ಹಾಳೆಯ ಸದ್ದು ಬರ್ತಾ ಇಲ್ಲ. ಬೇರೆ ಸದ್ದು ಬರುತ್ತೆ.

ಅವತ್ತು ಆಸ್ಪತ್ರೆಯಲ್ಲಿ ಅವಳಿಗೆ ಹೊದಿಸಿದ್ದ ಬಟ್ಟೆಯ ಅಂಚಿನ ಹೊಲಿಗೆ ಬಿಟ್ಟಿತ್ತು. ಮುಖ ನೋಡೋಕೆ ಮೊದಲು ನಾನು ನೋಡಿದ್ದು ಅದನ್ನ. ಇದನ್ನೂ ಯಾರಿಗೂ ಹೇಳಿಲ್ಲ.

ನಿಮಗೆ ಸೇರಬೇಕಾದದ್ದು ಒಂದು ನನ್ನ ಹತ್ತಿರ ಉಳಿದುಬಿಟ್ಟಿತ್ತು. ಅವಳ ಆ ನಗು. ನನ್ನ ತಪ್ಪು ಮುಚ್ಚಿಡೋಕೆ ಅದನ್ನೂ ಮುಚ್ಚಿಟ್ಟೆ. ನೀವು ಬೈದದ್ದು ತಪ್ಪೇ. ಆದರೆ ಅದು ಅವಳ ಮೈಗೆ ಅಂಟಿರಲಿಲ್ಲ. ಹುಡುಗರ ತಪ್ಪನ್ನು ತಪ್ಪು ಅಂತಲೇ ಬರೀರಿ ಮೇಡಂ. ಚುಕ್ಕೆ ಇಡಬೇಡಿ.

ಇಂತಿ,
ಯಾಕಮ್ಮನ ಅಮ್ಮ


ಡಿಸೆಂಬರ್ 2

ತಂಗೀ,

ಹೀಗೆ ಕರೆಯಬಹುದೇ? ವಯಸ್ಸಿನಲ್ಲಿ ನಾನೇ ದೊಡ್ಡವಳಿರಬೇಕು.

ಕಾಗದ ಮೊನ್ನೆ ಬಂತು. ಓದಿ ಬಾಗಿಲು ಹಾಕಿಕೊಂಡು ಕೂತೆ. ಅವಳು ‘ಇದ್ದೇ ಇದೆ’ ಅಂದದ್ದು ಸರಿ. ಆ ಮೂರು ಸೇರಿಸಿ ಲೆಕ್ಕವನ್ನು ನಾನು ಕೊನೆಯವರೆಗೂ ಮಾಡಿ ನೋಡಿದೆ. ಕಾಣುವಷ್ಟರ ಎರಡರಷ್ಟು ಕಾಣದ್ದಿದೆ. ಗೇಟು ದಾಟುವಷ್ಟರಲ್ಲಿ ಅವಳು ಅದನ್ನು ಮನಸ್ಸಿನಲ್ಲೇ ಮಾಡಿಬಿಟ್ಟಿದ್ದಳು.

ನಿನ್ನೆ ಮುಂದಿನ ಗೇಟಿಗೆ ಹೋದೆ. ಅವತ್ತು ಕಾವಲಿಗಿದ್ದವನನ್ನು ಹುಡುಕಿ ಮಾತಾಡಿಸಿದೆ. ಅವಳು ಫೋನಿನಲ್ಲಿ ಮೈಮರೆತಿದ್ದಳೋ, ನೋಡಿಯೇ ದಾಟುತ್ತಿದ್ದಳೋ, ವ್ಯಾನಿನವನೇ ಎದುರು ದಿಕ್ಕಿನಿಂದ ನುಗ್ಗಿದನೋ ಎಂದು ಕೇಳಿದೆ. ಅವನು, “ವ್ಯಾನ್ ಜೋರಾಗಿತ್ತು, ಅದು ನೋಡಿದ್ದೀನಿ. ಅಷ್ಟರಲ್ಲಿ ಯಾರದೋ ಕಾರು ಬಂತು ಅಂತ ಗೇಟ್ ಎಳೆಯೋಕೆ ಈ ಕಡೆ ತಿರುಗಿದೆ ಮೇಡಂ. ಒಂದೇ ಒಂದು ಕ್ಷಣ. ದಿನಾ ಅದೇ ಕನಸು” ಎಂದ. ಅವನ ಕಣ್ಣಲ್ಲಿ ನೀರಿತ್ತು.

‘ಇರು’ ಎಂದ ಮೇಲೆ ಅವಳು ಫೋನನ್ನು ಚೀಲಕ್ಕೆ ಹಾಕಿಕೊಂಡಿದ್ದಳಂತೆ ಎಂದು ನಿಮಗೆ ಬರೆಯಬಹುದಿತ್ತು. ಮನಸ್ಸು ಬಂದಿತ್ತು. ಆದರೆ ಒಂದು ಸಲ ಸಮಾಧಾನ ಹೇಳಲು ಹೋಗಿ ನಿಮ್ಮನ್ನು ಎಲ್ಲಿಗೆ ನೂಕಿದೆ ಎಂದು ನೋಡಿದೆನಲ್ಲ. ಆದ್ದರಿಂದ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ: ನಿಮ್ಮ ಫೋನಿನಿಂದ ಆಯಿತೋ ಇಲ್ಲವೋ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಮುಂದೆಯೂ ಗೊತ್ತಾಗುವುದಿಲ್ಲ.

ಕ್ಷಣಗಳೆಲ್ಲ ಉಳಿದಿವೆ ಎನ್ನುವುದೂ ನನ್ನ ನಂಬಿಕೆಯೇ ಹೊರತು ರುಜುವಾತಾದದ್ದಲ್ಲ. ಅದನ್ನು ಅಷ್ಟು ಗಟ್ಟಿಯಾಗಿ ಹೇಳಬಾರದಿತ್ತು. ಅದು ನಿಜವೇ ಆಗಿದ್ದರೆ, ಆ ಸದ್ದು ಇದ್ದಂತೆ ಅದರ ಹಿಂದಿನ ನಗುವೂ ಇದೆ. ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳಲು ಬರುವುದಿಲ್ಲ. ಇದಕ್ಕಿಂತ ಹೆಚ್ಚಿನದು ನನಗೆ ತಿಳಿಯದು.

ಇಲ್ಲಿಗೆ ಬರುತ್ತೀರಾ? ಅವಳ ಕಾಗದಪತ್ರಗಳಿವೆ. ಅಂಚೆಯಲ್ಲಿ ಕಳಿಸಲು ಮನಸ್ಸಿಲ್ಲ.

ನಿಮ್ಮ ಅಕ್ಕ


ಡಿಸೆಂಬರ್ 18

ಅಕ್ಕಾ,

ಮನೆ ಮುಟ್ಟಿದೆ. ತಲುಪಿದ ಮೇಲೆ ತಿಳಿಸು ಅಂದಿದ್ರಿ. ಫೋನ್ ಕೈಗೆ ತಗೊಂಡೆ, ಆಗಲಿಲ್ಲ. ಅದಕ್ಕೇ ಕಾಗದ.

ಮೊನ್ನೆ ಅವಳ ಕಾಗದಪತ್ರ ತಗೊಂಡು ಹೊರಟು, ಗೇಟಿನ ಹತ್ತಿರ ನನ್ನ ಕಾಲು ಏಳದೆ ಹೋದಾಗ, ವಾಪಸ್ ಹೋಗೋಣ ಅಂತ ನೀವು ಅಂದಿದ್ರೆ ವಾಪಸ್ ಬಂದುಬಿಡ್ತಿದ್ದೆ. ಕೈ ನೀವು ಹಿಡಿದದ್ದೋ ನಾನು ಹಿಡಿದದ್ದೋ ಗೊತ್ತಿಲ್ಲ. ರಸ್ತೆ ನಡುವಿನ ಕಟ್ಟೆಯ ಹತ್ತಿರ ಇಬ್ಬರೂ ನಿಂತುಬಿಟ್ಟೆವು. ಅವಳು ಬಂದಿದ್ದು ಅಲ್ಲಿವರೆಗೆ. ಎಷ್ಟು ಹೊತ್ತು ನಿಂತಿದ್ದೆವೋ. ಯಾವುದೋ ಬಸ್ಸಿನ ಡ್ರೈವರು ತಲೆ ಹೊರಗೆ ಹಾಕಿ, “ದಾಟ್ತೀರೋ, ಅಲ್ಲೇ ಮನೆ ಕಟ್ತೀರೋ?” ಅಂತ ಕಿರುಚಿದಾಗ ನಿಮಗೆ ಅಂಥಾ ನಗು ಬಂತಲ್ಲ, ನನಗೂ ಬಂತು. ಆ ಜಾಗದಲ್ಲಿ ನಕ್ಕೆವಲ್ಲ ಅಂತ ಆಮೇಲೆ ಇಬ್ಬರೂ ಅತ್ತೆವು. ಉಳಿದರ್ಧ ದಾಟಿದ್ದು ಹೇಗೆ ಅಂತ ನೆನಪೇ ಇಲ್ಲ.

ಆಚೆ ಬದಿಯಲ್ಲಿ ಏನಿದೆಯೋ ಅಂತ ಹತ್ತು ತಿಂಗಳು ಹೆದರಿಕೊಂಡಿದ್ದೆ. ಒಂದು ಝೆರಾಕ್ಸ್ ಅಂಗಡಿ, ಒಂದು ಕಲ್ಲಿನ ಬೆಂಚು, ಬಸ್ಸಿನ ನಂಬರಿನ ಬೋರ್ಡು. ಅಷ್ಟೇ.

ಅವಳ ಬಸ್ಸು ಬಂದಾಗ ನೀವು ನನ್ನನ್ನು ಹತ್ತಿಸಿ ಕೆಳಗೆ ನಿಂತಿದ್ರಿ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಕಾಗದಪತ್ರದ ಕಟ್ಟು ತೊಡೆ ಮೇಲಿತ್ತು, ಬಿಚ್ಚಲಿಲ್ಲ. ಇಪ್ಪತ್ತೆರಡು ಸ್ಟಾಪು. ದಿನಾ ಸಂಜೆ ಅವಳು ಏನೇನು ನೋಡ್ತಾ ಬರ್ತಿದ್ದಳೋ ಅದನ್ನೆಲ್ಲ ನೋಡ್ತಾ ಬಂದೆ. ನಮ್ಮ ಸ್ಟಾಪಿನಲ್ಲಿ ಇಳಿದು, ಅವಳು ಬರ್ತಿದ್ದ ಓಣಿಯಲ್ಲೇ ನಡೆದು, ಮೆಟ್ಟಿಲು ಹತ್ತಿದೆ.

ಬೀಗದ ಕೈ ನನ್ನ ಹತ್ತಿರವೇ ಇತ್ತು. ಒಳಗೆ ಯಾರೂ ಇಲ್ಲ ಅಂತಲೂ ಗೊತ್ತಿತ್ತು. ಆದರೂ ಮೊದಲು ಬಾಗಿಲು ತಟ್ಟಿದೆ ಅಕ್ಕಾ. ಅವಳು ತಟ್ಟುತ್ತಿದ್ದ ಹಾಗೆ ಎರಡು ಸಲ. ಸ್ವಲ್ಪ ಹೊತ್ತು ಕಾದೆ. ಆಮೇಲೆ ನಾನೇ ಬೀಗ ತೆಗೆದು ಒಳಗೆ ಹೋದೆ.

ನಿಮ್ಮ ತಂಗಿ